ಶಾಂಘೈ ಎರಡು ದಿನ: ಬಿಸಿಲು ನೋಡಿ ದಡ ಬದಲಿಸಿ

ಎರಡು ದಿನದಲ್ಲಿ ಶಾಂಘೈನ ಹಳೇ ಕಟ್ಟಡ, ಹೊಸ ಗೋಪುರ ಎರಡೂ ನೋಡಬೇಕು, ಫೋಟೊನೂ ಚೆನ್ನಾಗಿ ಬರಬೇಕು, ಜೊತೆಗೆ ಅಪ್ಪ ಅಮ್ಮ ಇರ್ತಾರೆ ಅಂತ ಕೇಳಿದ್ದೀರಿ. ಬಿಸಿಲಿನ ದಿಕ್ಕು ನೋಡಿ ಪ್ಲಾನ್ ಮಾಡಿ. ಹ್ವಾಂಗ್‌ಪು ನದಿಯ ಪಶ್ಚಿಮ ದಡದಲ್ಲಿ ಬಂಡ್ ಅನ್ನೋ ನದಿದಂಡೆ ರಸ್ತೆ ಇದೆ, ಅಲ್ಲಿನ ಹಳೇ ಕಟ್ಟಡಗಳು ಪೂರ್ವಕ್ಕೆ ಮುಖ ಮಾಡಿವೆ. ಬೆಳಿಗ್ಗೆ ಹೋದರೆ ಒಂದೊಂದು ಕಂಬದ ಕೆತ್ತನೆಯೂ ಕಾಣುತ್ತೆ. ಸಂಜೆ ಹೋದರೆ ಸೂರ್ಯ ಹಿಂದಿರುತ್ತಾನೆ, ಮುಂಭಾಗ ಪೂರ್ತಿ ಕಪ್ಪು. ಬಹಳ ಜನ ಬಂಡ್‌ಗೆ ಸಂಜೆ ಮಾತ್ರ ಹೋಗಿ ಇದನ್ನ ಕಳ್ಕೊಳ್ತಾರೆ.

1907ರ ವೈಬೈಡು ಉಕ್ಕಿನ ಸೇತುವೆಯಿಂದ ಶುರುಮಾಡಿ ದಕ್ಷಿಣಕ್ಕೆ ನಡೀರಿ. ಹಸಿರು ಪಿರಮಿಡ್ ಚಾವಣಿಯದು 1929ರ ಪೀಸ್ ಹೋಟೆಲ್. ಕಟ್ಟಿಸಿದ್ದು ಮುಂಬೈನಲ್ಲಿ ಅಫೀಮು, ಹತ್ತಿ ವ್ಯಾಪಾರದಿಂದ ಬೆಳೆದ ಸಸೂನ್ ಮನೆತನ. ಮುಂದೆ ಗಡಿಯಾರ ಗೋಪುರದ ಕಸ್ಟಮ್ಸ್ ಹೌಸ್, ಅದರ ಪಕ್ಕದಲ್ಲೇ 12ನೇ ನಂಬರ್, 1923ರ ಹಳೇ ಎಚ್‌ಎಸ್‌ಬಿಸಿ ಕಟ್ಟಡ. ಇದು ಈಗಲೂ ಬ್ಯಾಂಕೇ. ಹಾಗಾಗಿ ವಾರದ ದಿನ, ಬ್ಯಾಂಕ್ ವೇಳೆಯಲ್ಲೇ ಹೋಗಿ. ಬಾಗಿಲು ದಾಟಿದ ತಕ್ಷಣ ತಲೆ ಎತ್ತಿ ನೋಡಿ: ಗುಮ್ಮಟದೊಳಗೆ ಎಂಟು ನಗರಗಳ ಮೊಸಾಯಿಕ್ ಚಿತ್ರ, ಅದರಲ್ಲಿ ಒಂದು ನಮ್ಮ ಕಲ್ಕತ್ತಾ. ಒಳಗೆ ಕ್ಯಾಮೆರಾ ತೆಗೀಬೇಡಿ, ಕಾವಲಿನವರು ಬಿಡಲ್ಲ.

ನದಿ ದಾಟೋಕೆ ಜನ ಓಡಾಡುವ ಫೆರಿಗೆ 2 ಯುವಾನ್. ಕ್ರೂಸ್ ಕೌಂಟರ್ ಬೇರೆ, ಅಲ್ಲಿ ರೇಟು ಹತ್ತಾರು ಪಟ್ಟು. ಬಂಡ್ ಹತ್ತಿರದ ನಾನ್‌ಜಿಂಗ್ ಈಸ್ಟ್ ರೋಡ್ ಸ್ಟೇಷನ್ನಿಂದ ಮೆಟ್ರೊ 2ನೇ ಲೈನಿನಲ್ಲಾದರೆ ಒಂದೇ ಸ್ಟಾಪ್, 3 ಯುವಾನ್.

ಆಚೆ ದಡದ ಲುಜಿಯಾಝುಯಿಯಲ್ಲಿ ಮೂರು ಗೋಪುರ ಅಕ್ಕಪಕ್ಕ. ಪಗೋಡದ ಹಾಗೆ ಮೆಟ್ಟಿಲು ಮೆಟ್ಟಿಲಾಗಿರೋದು 1999ರ ಜಿನ್ ಮಾವೊ. ತುದಿಯಲ್ಲಿ ದೊಡ್ಡ ಕಿಂಡಿ ಇರೋದು 492 ಮೀಟರಿನ ವರ್ಲ್ಡ್ ಫೈನಾನ್ಶಿಯಲ್ ಸೆಂಟರ್. ತಿರುಚಿಕೊಂಡು ಮೇಲೇರಿರೋದು 632 ಮೀಟರಿನ ಶಾಂಘೈ ಟವರ್. ಆ ತಿರುಚು ಬರೀ ಚೆಂದಕ್ಕಲ್ಲ, ಗಾಳಿಯ ಒತ್ತಡ ಕಡಿಮೆ ಮಾಡೋಕೆ. ಅದರ 118ನೇ ಮಹಡಿಯಿಂದ ಊರು ನೋಡೋ ಟಿಕೆಟ್ ಮಾತ್ರ ಮುಂಚೆಯೇ ತಗೋಬೇಡಿ. ಕೆಳಗಿಂದ ತುದಿ ಕಾಣದಿದ್ದರೆ ಮೇಲಿಂದಲೂ ಏನೂ ಕಾಣಲ್ಲ, ಬರೀ ಮೋಡ.

ಸೂರ್ಯ ಮುಳುಗೋಕೆ ಅರ್ಧ ಗಂಟೆ ಮುಂಚೆ ಮತ್ತೆ ಬಂಡ್‌ಗೆ ಬನ್ನಿ, ಗೋಪುರಗಳ ಮೇಲೆ ಕೊನೇ ಬಿಸಿಲು, ಆಮೇಲೆ ದೀಪ ಎರಡೂ ಸಿಗುತ್ತೆ. ದೀಪ ರಾತ್ರಿ ಹತ್ತರ ಸುಮಾರಿಗೆ ಆರಿಸ್ತಾರೆ, ಚಳಿಗಾಲದಲ್ಲಿ ಇನ್ನೂ ಬೇಗ. ಅಕ್ಟೋಬರ್ 1ರ ಚೀನಾ ರಾಷ್ಟ್ರೀಯ ದಿನದ ರಜೆ ವಾರವಾದರೆ ಹಿರಿಯರನ್ನ ಈ ನೂಕುನುಗ್ಗಲಿಗೆ ಕರ್ಕೊಂಡು ಹೋಗಬೇಡಿ. ನಾನ್‌ಜಿಂಗ್ ಈಸ್ಟ್ ರೋಡ್ ಸ್ಟೇಷನ್ನಿನಲ್ಲಿ ರೈಲೇ ನಿಲ್ಲದಿರಬಹುದು.

ಎರಡನೇ ದಿನ ಮಿಂಗ್ ಕಾಲದ ಯು ಉದ್ಯಾನ (ಸೋಮವಾರ ರಜೆ), ಆಮೇಲೆ ಹಡಗಿನ ಮೂತಿಯಂಥ 1924ರ ಅಪಾರ್ಟ್‌ಮೆಂಟ್ ಕಟ್ಟಡ ವುಕಾಂಗ್ ಮ್ಯಾನ್ಷನ್ ಸಾಕು.

ಯುಪಿಐ ನೆಚ್ಚಿಕೊಳ್ಳಬೇಡಿ. ಹೊರಡೋಕೆ ಮುಂಚೆಯೇ ಚೀನಾದ ಪೇಮೆಂಟ್ ಆ್ಯಪ್ ಅಲಿಪೇಗೆ ಅಂತರರಾಷ್ಟ್ರೀಯ ಕಾರ್ಡ್ ಸೇರಿಸಿ, ಪಾಸ್‌ಪೋರ್ಟ್ ವೆರಿಫೈ ಮಾಡಿಸಿ. ಗೂಗಲ್ ಮ್ಯಾಪ್ ಅಲ್ಲಿ ಜಾಗ ಸರಿಯಾಗಿ ತೋರಿಸಲ್ಲ, ಚೀನಾದ ಮ್ಯಾಪ್ ಆ್ಯಪ್ ಅಮ್ಯಾಪ್ ಹಾಕ್ಕೊಳ್ಳಿ. ಟಿಕೆಟ್ಟಿಗೆ ಮೂಲ ಪಾಸ್‌ಪೋರ್ಟ್ ಕೇಳ್ತಾರೆ, ಹೋಟೆಲಲ್ಲಿ ಬಿಟ್ಟು ಬರಬೇಡಿ.