ಅಮೆರಿಕದಿಂದ ಬಂದ ಫೋನಿಗೆ ನಮ್ಮೂರಿನ ಸಿಮ್

ಪ್ರಶ್ನೆ: ಡಲ್ಲಾಸ್‌ನಲ್ಲಿರುವ ನನ್ನ ಮಗ ಕಳೆದ ತಿಂಗಳು ಊರಿಗೆ ಬಂದಿದ್ದಾಗ, ತಾನು ಎರಡು ವರ್ಷ ಬಳಸಿದ ಐಫೋನ್ 13 ಅನ್ನು ನನಗೆ ಕೊಟ್ಟುಹೋದ. ನನ್ನ ಸಿಮ್ ಹಾಕಿದರೆ ‘ಸಿಮ್ ನಾಟ್ ಸಪೋರ್ಟೆಡ್’ ಎಂದು ಬರುತ್ತದೆ. ಅದೇ ಸಿಮ್ ಹಳೆಯ ಫೋನಿನಲ್ಲಿ ಸರಿಯಾಗಿಯೇ ಇದೆ. ಫೋನ್ ಕೆಟ್ಟಿದೆಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಫೋನೂ ಕೆಟ್ಟಿಲ್ಲ, ಸಿಮ್ಮೂ ಕೆಟ್ಟಿಲ್ಲ. ಅದು ಬೀಗ ಹಾಕಿದ ಫೋನ್, ಅಂದರೆ ಮಾರಿದ ಮೊಬೈಲ್ ಕಂಪನಿಯ ಸಿಮ್ಮನ್ನು ಬಿಟ್ಟು ಬೇರೆ ಸಿಮ್ಮನ್ನು ಒಪ್ಪದಂತೆ ಮಾಡಿದ ಫೋನ್. ಖಚಿತಪಡಿಸಿಕೊಳ್ಳಲು ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆದು ಕೆಳಗೆ ಬನ್ನಿ. ‘ಕ್ಯಾರಿಯರ್ ಲಾಕ್’ ಎಂಬ ಸಾಲಿನ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಬೀಗವಿಲ್ಲ. ‘ಸಿಮ್ ಲಾಕ್ಡ್’ ಎಂದಿದ್ದರೆ ನನ್ನ ಊಹೆ ಸರಿ.

ನಮ್ಮಲ್ಲಿ ಫೋನನ್ನು ಒಂದು ಕಡೆ, ಸಿಮ್ಮನ್ನು ಇನ್ನೊಂದು ಕಡೆ ಕೊಳ್ಳುವುದೇ ರೂಢಿಯಾದ್ದರಿಂದ ಈ ಬೀಗದ ಪರಿಚಯ ಹೆಚ್ಚಿನವರಿಗೆ ಇಲ್ಲ. ಎರಡು ದಶಕದ ಹಿಂದಿನ ಸಿಡಿಎಂಎ ಫೋನ್‌ಗಳು ಮತ್ತು 2017ರಲ್ಲಿ ಬಂದ ಜಿಯೋಫೋನ್ ಬಿಟ್ಟರೆ ನಾವು ಬಳಸಿದ್ದೆಲ್ಲ ಬಹುಮಟ್ಟಿಗೆ ತೆರೆದ ಫೋನ್‌ಗಳೇ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಬಹಳಷ್ಟು ಜನ ಫೋನನ್ನು ಮೊಬೈಲ್ ಕಂಪನಿಯಿಂದಲೇ 24 ಅಥವಾ 36 ತಿಂಗಳ ಕಂತಿನಲ್ಲಿ ಪಡೆಯುತ್ತಾರೆ. ಕಂತು ತೀರುವವರೆಗೆ ಗಿರಾಕಿ ತನ್ನನ್ನು ಬಿಟ್ಟು ಹೋಗದಿರಲೆಂದು ಕಂಪನಿ ಬೀಗ ಹಾಕಿರುತ್ತದೆ.

ಬೀಗ ಕೆಲಸ ಮಾಡುವ ಬಗೆ ಸರಳವಾದದ್ದು. ಪ್ರತಿ ಸಿಮ್ಮಿನೊಳಗೂ ಐಎಂಎಸ್‌ಐ ಎಂಬ, ಸಾಮಾನ್ಯವಾಗಿ 15 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿ ದೇಶವನ್ನು ಹೇಳುತ್ತವೆ (ಭಾರತಕ್ಕೆ 404 ಮತ್ತು 405, ಅಮೆರಿಕಕ್ಕೆ 310ರಿಂದ ಮುಂದಿನ ಕೆಲವು), ನಂತರದ ಎರಡು ಅಥವಾ ಮೂರು ಅಂಕಿ ಕಂಪನಿಯನ್ನು ಹೇಳುತ್ತವೆ. ಸಿಮ್ ಹಾಕಿದೊಡನೆ ಫೋನ್ ಇದನ್ನು ಓದಿ, ತನಗೆ ಅನುಮತಿಯಿರುವ ಕಂಪನಿಯದೇ ಎಂದು ನೋಡುತ್ತದೆ. ನಿಮ್ಮ ಸಿಮ್ 404 ಅಥವಾ 405 ಎನ್ನುವಾಗಲೇ ಬಾಗಿಲು ಮುಚ್ಚುತ್ತದೆ.

ಐಫೋನಿನ ಬೀಗವನ್ನು ತೆಗೆಯಬಲ್ಲದ್ದು ಅದನ್ನು ಹಾಕಿದ ಮೊಬೈಲ್ ಕಂಪನಿ ಮಾತ್ರ. ಆಪಲ್‌ನ ಮಳಿಗೆಗೆ ಹೋದರೂ ಅವರು ನಿಮ್ಮನ್ನು ಅಲ್ಲಿಗೇ ಕಳಿಸುತ್ತಾರೆ. ಆದ್ದರಿಂದ ಈ ಕೆಲಸ ತೀರ್ಥಹಳ್ಳಿಯಲ್ಲಿ ಆಗುವುದಲ್ಲ, ಡಲ್ಲಾಸ್‌ನಲ್ಲಿ ಕುಳಿತ ನಿಮ್ಮ ಮಗ ಮಾಡಬೇಕಾದದ್ದು. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಅದನ್ನು ತಪ್ಪಿಲ್ಲದೆ ಬರೆದು, ಎರಡು ಬಾರಿ ಓದಿ ನೋಡಿ, ಮಗನಿಗೆ ಕಳಿಸಿ. ಅವರು ತಮ್ಮ ಕಂಪನಿಯ ಜಾಲತಾಣದಲ್ಲಿ ಬೀಗ ತೆಗೆಯುವಂತೆ ಕೋರಿಕೆ ಸಲ್ಲಿಸಬೇಕು. ಕಂತು ಪೂರ್ತಿ ತೀರಿರಬೇಕು, ಫೋನ್ ಕಳೆದುಹೋಗಿದೆಯೆಂದು ದೂರು ದಾಖಲಾಗಿರಬಾರದು, ಮತ್ತು ಆ ಕಂಪನಿಯ ಜಾಲದಲ್ಲಿ ಇಂತಿಷ್ಟು ದಿನ ಬಳಕೆಯಾಗಿರಬೇಕು ಎಂಬ ಮೂರು ಷರತ್ತುಗಳು ಸಾಮಾನ್ಯವಾಗಿ ಇರುತ್ತವೆ. ತಿಂಗಳ ಬಿಲ್ಲಿನ ಗಿರಾಕಿಗಳಿಗೆ ಎಟಿ ಅಂಡ್ ಟಿ 60 ದಿನ, ಟಿ-ಮೊಬೈಲ್ 40 ದಿನ ಎಂದು ಇಟ್ಟುಕೊಂಡು ಬಂದಿವೆ. ಪ್ರೀಪೇಯ್ಡ್ ಫೋನ್‌ಗಳಿಗೆ ಇದು ತಿಂಗಳುಗಟ್ಟಲೆ ಆಗುತ್ತದೆ. ಈ ಲೆಕ್ಕಗಳು ಆಗಾಗ ಬದಲಾಗುವುದರಿಂದ ಕೋರಿಕೆಯ ದಿನ ಜಾಲತಾಣದಲ್ಲಿ ಏನಿದೆಯೋ ಅದನ್ನೇ ನಂಬಬೇಕು.

ಒಂದು ವಿಷಯವನ್ನು ಮಗನ ಬಳಿ ಬಿಡಿಸಿ ಕೇಳಿ. ‘ಫೋನ್ ಉಚಿತವಾಗಿ ಬಂತು’ ಎಂದು ಅವರು ಹೇಳಿದ್ದರೆ, ಅದು ಪ್ರತಿ ತಿಂಗಳ ಬಿಲ್ಲಿನಲ್ಲಿ ಕಂತಿನಷ್ಟೇ ಹಣವನ್ನು ಕಳೆದುಕೊಡುವ ಕೊಡುಗೆಯಾಗಿರುವುದೇ ಹೆಚ್ಚು. 36 ತಿಂಗಳ ಲೆಕ್ಕವಾದರೆ, ಎರಡು ವರ್ಷ ಬಳಸಿದ ಫೋನಿನ ಮೇಲೆ ಇನ್ನೂ ಒಂದು ವರ್ಷದ ಬಾಕಿ ಕುಳಿತಿರುತ್ತದೆ. ಬಾಕಿಯನ್ನು ಒಟ್ಟಿಗೆ ಕಟ್ಟಿದರೆ ಬೀಗವೇನೋ ತೆಗೆಯುತ್ತಾರೆ, ಆದರೆ ಕೆಲವು ಕೊಡುಗೆಗಳಲ್ಲಿ ಉಳಿದ ತಿಂಗಳುಗಳ ರಿಯಾಯಿತಿ ಅಲ್ಲಿಗೇ ನಿಲ್ಲುತ್ತದೆ. ಹಾಗಿದ್ದಲ್ಲಿ ಆ ಫೋನನ್ನು ಮನೆಯ ವೈ-ಫೈನಲ್ಲಿ ಬಳಸುತ್ತ ಕಂತು ತೀರುವವರೆಗೆ ಕಾಯುವುದು ಮೇಲೆಂದು ನನಗನಿಸುತ್ತದೆ.

ಕೋರಿಕೆ ಮಂಜೂರಾದ ಮೇಲೆ ಫೋನನ್ನು ವೈ-ಫೈಗೆ ಜೋಡಿಸಿ ನಿಮ್ಮ ಸಿಮ್ ಹಾಕಿ. ಆಗಲೂ ಹಳೆಯ ಸಂದೇಶವೇ ಬಂದರೆ, ಫೋಟೊ ಮತ್ತು ಸಂಪರ್ಕಗಳನ್ನೆಲ್ಲ ಬ್ಯಾಕಪ್ ಮಾಡಿ, ಫೋನನ್ನು ಪೂರ್ತಿ ಅಳಿಸಿ, ಹೊಸದರಂತೆ ಆರಂಭಿಸಿ. ಅಳಿಸುವ ಮೊದಲು ಮಗನ ಆಪಲ್ ಖಾತೆಯಿಂದ ಸೈನ್ ಔಟ್ ಆಗಿರುವುದನ್ನು ನೋಡಿಕೊಳ್ಳಿ. ಇಲ್ಲವಾದರೆ ಫೋನ್ ಅವರ ಪಾಸ್‌ವರ್ಡ್ ಕೇಳುತ್ತ ನಿಲ್ಲುತ್ತದೆ. ಅದು ಬೇರೆಯೇ ಬೀಗ.

ಪ್ರಶ್ನೆ: ಇಂತಹದೇ ಫೋನನ್ನು ಪೇಟೆಯ ಅಂಗಡಿಗೆ ಒಯ್ದಿದ್ದೆ. 2,500 ರೂಪಾಯಿ ಕೊಟ್ಟರೆ ಸಿಮ್ಮಿನ ಕೆಳಗೆ ಒಂದು ಚಿಪ್ ಇಟ್ಟುಕೊಡುತ್ತೇವೆ, ಅದು ಆಗದಿದ್ದರೆ ಐಎಂಇಐ ಬದಲಿಸಿಕೊಡುತ್ತೇವೆ ಎಂದರು. ಮಾಡಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ಎರಡನೆಯದನ್ನು ಖಂಡಿತ ಮಾಡಿಸಬೇಡಿ. ಐಎಂಇಐ ಎಂಬುದು ಫೋನಿನ ಗುರುತಿನ ಸಂಖ್ಯೆ. ಅದನ್ನು ತಿದ್ದುವುದು 2023ರ ದೂರಸಂಪರ್ಕ ಕಾಯಿದೆಯ ಪ್ರಕಾರ ಅಪರಾಧ; ಮೂರು ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಲ್ಲದೆ ಅಂಗಡಿಯವರು ತುಂಬುವ ಹೊಸ ಸಂಖ್ಯೆ ಇನ್ಯಾರದೋ ಫೋನಿನದಾಗಿರಬಹುದು, ಆ ಫೋನ್ ಕಳುವಾದದ್ದೂ ಆಗಿರಬಹುದು. ನಾಳೆ ಪೊಲೀಸರು ಹುಡುಕಿಕೊಂಡು ಬಂದರೆ ಬರುವುದು ನಿಮ್ಮ ಮನೆಗೆ.

ಚಿಪ್ಪಿನ ವಿಷಯವನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಸಂಬಂಧಿಕರು ಕೊಟ್ಟ ಐಫೋನಿಗೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಅದನ್ನು ಹಾಕಿಸಿದ್ದೆ. ಬಸ್ ಟಿಕೆಟ್ಟಿನಷ್ಟು ತೆಳ್ಳಗಿನ, ನಡುವೆ ಕಾಳಿನಷ್ಟು ಕಪ್ಪು ಚುಕ್ಕೆಯಿದ್ದ ಒಂದು ಹಾಳೆ. ಅದನ್ನು ಸಿಮ್ಮಿನ ಹೊಂಬಣ್ಣದ ಮೈಗೆ ಅಂಟಿಸಿ, ಟ್ರೇಯಲ್ಲಿಟ್ಟು ಮೆಲ್ಲಗೆ ಒತ್ತಿದರು. ಪರದೆಯ ಮೇಲೆ ಒಂದು ಪಟ್ಟಿ ಮೂಡಿತು. ಅದರಲ್ಲಿ ಫೋನಿನ ಮಾದರಿ, ಅಮೆರಿಕದ ಕಂಪನಿಯ ಹೆಸರು ಆರಿಸಿದ ಮೇಲೆ ಜಾಲ ಸಿಕ್ಕಿತು. ಆ ಹಾಳೆ ಮಾಡುವುದಿಷ್ಟೇ: ಫೋನ್ ಸಿಮ್ಮಿನ ಸಂಖ್ಯೆ ಕೇಳಿದಾಗ ನಡುವೆ ನಿಂತು ಅಮೆರಿಕದ ಸಂಖ್ಯೆಯನ್ನು ಹೇಳುತ್ತದೆ. ಬೀಗ ಇದ್ದಲ್ಲಿಯೇ ಇರುತ್ತದೆ. ಎರಡು ವಾರ ಎಲ್ಲ ಚೆನ್ನಾಗಿತ್ತು. ಸಾಫ್ಟ್‌ವೇರ್ ನವೀಕರಣವಾದ ಮರುದಿನ ಬೆಳಿಗ್ಗೆ ಫೋನ್ ಮತ್ತೆ ಸಿಮ್ಮನ್ನು ಒಪ್ಪಲಿಲ್ಲ. ಹಾಳೆ ತೆಗೆಯುವಾಗ ಟ್ರೇಯೂ ಬಾಗಿತು. ಬ್ಯಾಂಕಿನ ಒಟಿಪಿ ಬರುವ ಸಂಖ್ಯೆಯನ್ನು ಇಂತಹ ಫೋನಿನಲ್ಲಿ ಇಟ್ಟುಕೊಂಡು ಯಾರೂ ಪ್ರಯಾಣ ಹೊರಡಬಾರದು ಎಂದು ಕಳಕಳಿಯಿಂದ ಹೇಳುತ್ತೇನೆ.

ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಬೇರೆ ಸಿಮ್ ಹಾಕಿದಾಗ ‘ಸಿಮ್ ನೆಟ್‌ವರ್ಕ್ ಅನ್‌ಲಾಕ್ ಪಿನ್’ ಕೇಳುತ್ತದೆ. ಅಲ್ಲಿ ಊಹಿಸಿದ ಅಂಕಿಗಳನ್ನು ಒತ್ತಲು ಹೋಗಬೇಡಿ. ಪ್ರಯತ್ನಗಳಿಗೆ ಮಿತಿಯಿದ್ದು, ಅದು ಮುಗಿದರೆ ಕಂಪನಿ ಕೊಟ್ಟ ನಿಜವಾದ ಪಿನ್ ಕೂಡ ಕೆಲಸಕ್ಕೆ ಬಾರದೆ ಹೋಗಬಹುದು.

ಪ್ರಶ್ನೆ: ಅಕ್ಕ ಅಮೆರಿಕದಿಂದ ತಂದ ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನಿನ ಬೀಗವನ್ನು ಅಲ್ಲಿಯೇ ತೆಗೆಸಿದ್ದಾಳೆ. ಆದರೂ ಜಿಯೋ ಸಿಮ್ ಹಾಕಿದರೆ ಇಂಟರ್‌ನೆಟ್ ಬರುತ್ತದೆ, ಕರೆ ಹೋಗುವುದಿಲ್ಲ. ಏರ್‌ಟೆಲ್ ಹಾಕಿದರೆ ಕರೆ ಹೋಗುತ್ತದೆ, ಆದರೆ ಮಾತಾಡುವಷ್ಟು ಹೊತ್ತು ಇಂಟರ್‌ನೆಟ್ ನಿಲ್ಲುತ್ತದೆ. ಏಕೆ?
– ಓದುಗರು, ಹಾಸನ

ಉತ್ತರ: ನೀವು ಬರೆದ ಈ ಎರಡು ಲಕ್ಷಣಗಳೇ ಕಾರಣವನ್ನು ಹೇಳುತ್ತಿವೆ. 2016ರಲ್ಲಿ ಆರಂಭವಾದ ಜಿಯೋಗೆ 2ಜಿ, 3ಜಿ ಜಾಲಗಳೇ ಇಲ್ಲ; ಅದರಲ್ಲಿ ಮಾತೂ 4ಜಿ ಅಥವಾ 5ಜಿಯ ಮೇಲೆಯೇ ಸಾಗಬೇಕು. 4ಜಿಯಲ್ಲಿ ಮಾತಾಡುವ ಈ ವ್ಯವಸ್ಥೆಗೆ ವೋಲ್ಟಿ ಎಂದು ಹೆಸರು. ಇದಕ್ಕೆ ಫೋನಿನ ಸಾಫ್ಟ್‌ವೇರಿನಲ್ಲಿ ಆಯಾ ಕಂಪನಿಗೆ ತಕ್ಕ ಹೊಂದಾಣಿಕೆ ಇರಬೇಕಾಗುತ್ತದೆ, ಅಮೆರಿಕಕ್ಕೆಂದೇ ತಯಾರಾದ ಫೋನಿನಲ್ಲಿ ನಮ್ಮ ಕಂಪನಿಗಳದು ಇಲ್ಲದಿರಬಹುದು. ಏರ್‌ಟೆಲ್‌ಗೆ 2ಜಿ ಇನ್ನೂ ಇರುವುದರಿಂದ ನಿಮ್ಮ ಫೋನ್ ಕರೆ ಬಂದಾಗ 2ಜಿಗೆ ಇಳಿಯುತ್ತದೆ, ಮುಗಿದ ಮೇಲೆ 4ಜಿಗೆ ಏರುತ್ತದೆ. ಸೆಟ್ಟಿಂಗ್ಸ್‌ನ ಮೊಬೈಲ್ ನೆಟ್‌ವರ್ಕ್ ಭಾಗದಲ್ಲಿ ವೋಲ್ಟಿ ಎಂಬ ಗುಂಡಿಯಿದ್ದರೆ ಒತ್ತಿ ನೋಡಿ, ಸಾಫ್ಟ್‌ವೇರ್ ನವೀಕರಿಸಿ. ಅಷ್ಟಾದರೂ ಆಗದಿದ್ದರೆ ಆ ಫೋನಿನಲ್ಲಿ ಏರ್‌ಟೆಲ್ ಸಿಮ್ಮನ್ನೇ ಇಟ್ಟುಕೊಳ್ಳಿ.

ಬೀಗ ತೆಗೆದ ಮಾತ್ರಕ್ಕೆ ಎಲ್ಲ ಜಾಲವೂ ಒಗ್ಗುವುದಿಲ್ಲ ಎಂಬುದಕ್ಕೆ ಇನ್ನೊಂದು ಕಾರಣ ತರಂಗಗಳ ಬ್ಯಾಂಡ್, ಅಂದರೆ ಜಾಲ ಬಳಸುವ ರೇಡಿಯೊ ತರಂಗಗಳ ಪಟ್ಟಿ; ಅದನ್ನು ಹಿಡಿಯುವ ಶಕ್ತಿ ಫೋನಿಗೂ ಇರಬೇಕು. ಜಿಯೋದ 4ಜಿ 850, 1800 ಮತ್ತು 2300 ಮೆಗಾಹರ್ಟ್ಸ್‌ಗಳಲ್ಲಿ ನಡೆಯುತ್ತದೆ. ಬಿಎಸ್‌ಎನ್‌ಎಲ್‌ನ ಹೊಸ 4ಜಿ 700 ಮತ್ತು 2100ರಲ್ಲಿದೆ. ಅಮೆರಿಕದಲ್ಲಿ 600, 700, 1700, 1900ರ ಬಳಕೆ ಹೆಚ್ಚು. ಎರಡೂ ಕಡೆ 700 ಎಂದಿರುವುದನ್ನು ನೋಡಿ ಸಮಾಧಾನಪಡುವಂತಿಲ್ಲ: ಬಿಎಸ್‌ಎನ್‌ಎಲ್‌ನದು 28ನೇ ಬ್ಯಾಂಡ್, ಅಮೆರಿಕದ ಕಂಪನಿಗಳದು 12, 13ರಂತಹ ಬೇರೆ ಬ್ಯಾಂಡ್‌ಗಳು. ದುಬಾರಿ ಫೋನ್‌ಗಳಲ್ಲಿ ಎಲ್ಲವನ್ನೂ ಸೇರಿಸಿರುತ್ತಾರೆ. ಅಗ್ಗದ ಪ್ರೀಪೇಯ್ಡ್ ಫೋನ್‌ಗಳಲ್ಲಿ ಹೊರದೇಶದ ಬ್ಯಾಂಡ್‌ಗಳನ್ನೇ ಮೊದಲು ಕೈಬಿಡುತ್ತಾರೆ. ನಿಮ್ಮ ಮನೆಯಲ್ಲಿ ಜಾಲ ಚೆನ್ನಾಗಿದ್ದು, ತೋಟಕ್ಕೆ ಹೋದರೆ ಇದೊಂದೇ ಫೋನ್ ಸೊರಗುತ್ತಿದ್ದರೆ ಕಾರಣ ಇದೇ ಇರಬಹುದು.

ಪ್ರಶ್ನೆ: ಮಗಳು ನ್ಯೂಜೆರ್ಸಿಯಿಂದ ಐಫೋನ್ 15 ತರುತ್ತಾಳಂತೆ. ಅದರಲ್ಲಿ ಸಿಮ್ ಹಾಕಲು ಜಾಗವೇ ಇಲ್ಲವೆಂದು ಕೇಳಿದೆ.
– ಓದುಗರು, ಮೈಸೂರು

ಉತ್ತರ: ಕೇಳಿದ್ದು ನಿಜ. ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ 2022ರ ಐಫೋನ್ 14ರಿಂದಲೇ ಟ್ರೇ ಇಲ್ಲ, ಇ-ಸಿಮ್ ಮಾತ್ರ, ಅಂದರೆ ಕಾರ್ಡಿನ ಬದಲು ಫೋನಿನೊಳಗಿನ ಚಿಪ್ಪಿಗೇ ಇಳಿಸಿಕೊಳ್ಳುವ ಸಿಮ್. ಜಿಯೋ, ಏರ್‌ಟೆಲ್, ವಿಐ ಮೂರೂ ಇ-ಸಿಮ್ ಕೊಡುತ್ತವೆ. ಆದರೆ ಬೀಗ ಇ-ಸಿಮ್ಮಿಗೂ ಅನ್ವಯಿಸುತ್ತದೆ. ಮಗಳು ಹೊರಡುವ ಮೊದಲೇ ‘ಕ್ಯಾರಿಯರ್ ಲಾಕ್’ ಸಾಲಿನ ಚಿತ್ರ ತೆಗೆದು ನಿಮಗೆ ಕಳಿಸಲಿ. ಇ-ಸಿಮ್ಮಿಗೆ ಬದಲಾಯಿಸಿದೊಡನೆ ಹಳೆಯ ಸಿಮ್ ನಿಲ್ಲುವುದರಿಂದ, ವೈ-ಫೈ ಇರುವ ಕಡೆ, ಬಿಡುವಿರುವ ದಿನ ಈ ಕೆಲಸಕ್ಕೆ ಕೂರಿ.

ಪ್ರಶ್ನೆ: ಓದಲು ಬ್ರಿಟನ್‌ಗೆ ಹೊರಟಿದ್ದೇನೆ. ಅಲ್ಲಿ ಕೊಂಡ ಫೋನ್ ರಜೆಗೆ ಬಂದಾಗ ಇಲ್ಲಿ ನಡೆಯುತ್ತದೆಯೇ, ಅಥವಾ ಇಲ್ಲಿಂದಲೇ ಒಯ್ಯಲೇ?
– ಓದುಗರು, ಮಂಗಳೂರು

ಉತ್ತರ: ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್, ಮೊಬೈಲ್ ಕಂಪನಿಗಳು ಬೀಗ ಹಾಕಿದ ಫೋನ್ ಮಾರುವುದನ್ನು 2021ರ ಡಿಸೆಂಬರ್‌ನಿಂದ ನಿಷೇಧಿಸಿದೆ, ಕೆನಡಾ 2017ರ ಡಿಸೆಂಬರ್‌ನಲ್ಲಿಯೇ ಇಂತಹ ನಿಯಮ ತಂದಿತ್ತು. ಹೀಗಾಗಿ ಅಲ್ಲಿ ಹೊಸದನ್ನು ಕೊಂಡರೆ ಚಿಂತೆಯಿಲ್ಲ, ಅದಕ್ಕೂ ಹಿಂದಿನ ಸೆಕೆಂಡ್ ಹ್ಯಾಂಡ್ ಫೋನ್ ಆದರೆ ನಿಮ್ಮ ಸಿಮ್ ಹಾಕಿ ನೋಡಿಯೇ ಹಣ ಕೊಡಿ. ಇಲ್ಲಿಂದ ಹೊಸ ಸ್ಯಾಮ್‌ಸಂಗ್ ಒಯ್ಯುವುದಾದರೆ ಡಬ್ಬಿಯ ಮೇಲಿನ ಚೀಟಿ ಓದಿ: ಮೊದಲು ಈ ಪ್ರದೇಶದ ಸಿಮ್ ಹಾಕಿಯೇ ಬಳಸಬೇಕೆಂದು ಅದರಲ್ಲಿ ಬರೆದಿದ್ದರೆ, ವಿಮಾನ ಹತ್ತುವ ಮುನ್ನ ಇಲ್ಲಿಯ ಸಿಮ್ಮಿನಿಂದ ಐದು ನಿಮಿಷಕ್ಕಿಂತ ತುಸು ಹೆಚ್ಚೇ ಮಾತಾಡಿ, ಆಗ ಬೇರೆ ಪ್ರದೇಶದ ಸಿಮ್ಮನ್ನು ತಡೆಯುವ ಆ ಬೀಗ ತೆರೆದುಕೊಳ್ಳುತ್ತದೆ.