ರಕ್ತದಲ್ಲಿ ನಾರ್ಮಲ್, ಜಠರದಲ್ಲಿ ನ್ಯೂಟ್ರೋಫಿಲ್!

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಬಹಳ ದಿನದಿಂದ ಹೊಟ್ಟೆ ಉರಿ, ಉಬ್ಬರ. ಎಂಡೋಸ್ಕೋಪಿ ಮಾಡಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ‘ಕ್ರಾನಿಕ್ ಆ್ಯಕ್ಟಿವ್ ಗ್ಯಾಸ್ಟ್ರೈಟಿಸ್, ನ್ಯೂಟ್ರೋಫಿಲ್ ಇವೆ, ಎಚ್. ಪೈಲೋರಿ ಪಾಸಿಟಿವ್’ ಎಂದು ಬಂದಿದೆ. ನ್ಯೂಟ್ರೋಫಿಲ್ ಅಂದರೆ ಬಿಳಿ ರಕ್ತಕಣ ಅಲ್ವಾ? ರಕ್ತ ಪರೀಕ್ಷೆಯಲ್ಲಿ ಅದು ನಾರ್ಮಲ್ ಇದೆ. ಹೊಟ್ಟೆಗೆ ಹೇಗೆ ಬಂತು? ಇಮ್ಯುನಿಟಿಗೆ ಕಷಾಯ ಕುಡಿಯಲೇ?
– ಓದುಗರು, ತಿಪಟೂರು

ಉತ್ತರ: ಇಂಥ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಬರೆಯುವುದೇ ನನ್ನ ಕೆಲಸ. ಗ್ಯಾಸ್ಟ್ರೈಟಿಸ್ ಅಂದರೆ ಜಠರದ ಒಳಪೊರೆಯ ಉರಿಯೂತ. ಆ ಪೊರೆಯಲ್ಲಿ ನ್ಯೂಟ್ರೋಫಿಲ್ ಕಂಡರೆ ‘ಆ್ಯಕ್ಟಿವ್’ ಅಂತ ಹಾಕುತ್ತೇವೆ. ಆರೋಗ್ಯವಂತರಲ್ಲಿ ಅವು ಅಲ್ಲಿ ಕಾಣುವುದೇ ಅಪರೂಪ.

ಅವನ್ನು ಕರೆಸಿದ್ದು ನಿಮ್ಮ ಜಠರದ ಜೀವಕೋಶಗಳೇ. ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಬಂದು ಅವಕ್ಕೆ ಅಂಟಿಕೊಳ್ಳುತ್ತದೆ. ಕೆಲವು ತಳಿಗಳಂತೂ ತಮ್ಮ ಪ್ರೋಟೀನನ್ನೇ ಜೀವಕೋಶದೊಳಕ್ಕೆ ಚುಚ್ಚುತ್ತವೆ. ಆಗ ಜೀವಕೋಶ ಇಂಟರ್‌ಲ್ಯೂಕಿನ್-8 ಎಂಬ ರಾಸಾಯನಿಕ ಬಿಡುತ್ತದೆ. ಹತ್ತಿರದ ಸಣ್ಣ ರಕ್ತನಾಳದ ಒಳಗೋಡೆ ಅಂಟಂಟಾಗುತ್ತದೆ. ರಕ್ತದಲ್ಲಿ ಹರಿದು ಹೋಗುತ್ತಿದ್ದ ನ್ಯೂಟ್ರೋಫಿಲ್, ಹೊಳೆಯಲ್ಲಿ ಕೊಚ್ಚಿಹೋಗುವವನಿಗೆ ದಡದ ಬೇರು ಸಿಕ್ಕ ಹಾಗೆ, ಮೊದಲು ನಿಧಾನವಾಗಿ ಉರುಳುತ್ತದೆ, ಆಮೇಲೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮೈ ಚಪ್ಪಟೆ ಮಾಡಿಕೊಂಡು ಗೋಡೆಯ ಸಂದಿನಲ್ಲಿ ನುಸುಳಿ, ಇಂಟರ್‌ಲ್ಯೂಕಿನ್ ಎಲ್ಲಿ ಜಾಸ್ತಿಯೋ ಅತ್ತ ತೆವಳುತ್ತದೆ. ನಮಗೆ ಅದು ಕಾಣುವುದು ಗ್ರಂಥಿಯ ಗೋಡೆಯೊಳಗೆ ಸಿಕ್ಕಿಕೊಂಡಿರುವಾಗ. ರಕ್ತದ ಲೆಕ್ಕದಲ್ಲಿ ಇದು ಗೊತ್ತೇ ಆಗುವುದಿಲ್ಲ. ಒಂದು ಮೈಕ್ರೋಲೀಟರ್ ರಕ್ತದಲ್ಲೇ ಅವು ಸಾವಿರಗಟ್ಟಲೆ ಇರುತ್ತವೆ.

ಹಿಂದೆಯೇ ಲಿಂಫೋಸೈಟ್, ಪ್ಲಾಸ್ಮಾ ಕಣ ಎಂಬ ಬೇರೆ ರಕ್ಷಣಾ ಕಣಗಳು ಬಂದು ಠಿಕಾಣಿ ಹೂಡುತ್ತವೆ. ರಿಪೋರ್ಟಿನ ‘ಕ್ರಾನಿಕ್’, ಅಂದರೆ ಬಹುಕಾಲದ್ದು ಎಂಬ ಪದ ಬಂದದ್ದು ಅವುಗಳಿಂದ.

ಇಷ್ಟಾದರೂ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅವುಗಳಲ್ಲಿ ಬಹುಪಾಲು ಇರುವುದು ಒಳಪೊರೆಯ ಮೇಲಿನ ಲೋಳೆಯಲ್ಲಿ, ಕಣಗಳು ಸೇರುವುದು ಅದರ ಕೆಳಗೆ. ಜೊತೆಗೆ ನ್ಯೂಟ್ರೋಫಿಲ್ ಉಗುಳುವ ವಿಷವನ್ನು ಒಡೆಯಲು ಬ್ಯಾಕ್ಟೀರಿಯಾದ ಹತ್ತಿರ ಕ್ಯಾಟಲೇಸ್ ಎಂಬ ಕಿಣ್ವ ಬೇರೆ ಇದೆ. ಪೆಟ್ಟು ತಿನ್ನುವುದು ನಿಮ್ಮ ಒಳಪೊರೆಯೇ.

ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು. ಹತ್ತನೇ ದಿನ ಎಂಡೋಸ್ಕೋಪಿ ಮಾಡಿದರೆ ಅವರ ಜಠರದಲ್ಲೂ ನ್ಯೂಟ್ರೋಫಿಲ್! 2005ರಲ್ಲಿ ಅವರಿಗೂ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಇಬ್ಬರಲ್ಲಿ ಈ ಬ್ಯಾಕ್ಟೀರಿಯಾವನ್ನು ಮೊದಲು ಗಮನಿಸಿದ ವಾರೆನ್ ನನ್ನ ಹಾಗೆ ಪೆಥಾಲಜಿಸ್ಟ್, ಹೇಳದೇ ಇರಲಾರೆ.

ಕಷಾಯ ಬಿಡಿ. ನಿಮ್ಮ ಇಮ್ಯುನಿಟಿಗೆ ಕೊರತೆಯಿಲ್ಲ, ಅದು ಸುಮ್ನೆ ದುಡಿದು ದಣಿಯುತ್ತಿದೆ. ಬೇಕಿರುವುದು ಆ್ಯಂಟಿಬಯಾಟಿಕ್ ಮತ್ತು ಆಮ್ಲ ತಗ್ಗಿಸುವ ಮಾತ್ರೆ, ಸಾಮಾನ್ಯವಾಗಿ 14 ದಿನ. ಉರಿ ನಿಂತಿತು ಅಂತ ಮಧ್ಯದಲ್ಲಿ ಬಿಡಬೇಡಿ. ಮುಗಿದು ಕನಿಷ್ಠ 4 ವಾರವಾದ ಮೇಲೆ ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ನೋಡಲು ಬ್ರೀತ್ ಟೆಸ್ಟ್ (ಉಸಿರಿನ ಪರೀಕ್ಷೆ) ಮಾಡಿಸಿ. ಅದಕ್ಕೆ 2 ವಾರ ಮೊದಲೇ ಪ್ಯಾಂಟೊಪ್ರಜೋಲ್ ಥರದ ಆಮ್ಲ ತಗ್ಗಿಸುವ ಮಾತ್ರೆ ನಿಲ್ಲಿಸಬೇಕು, ನಿಮ್ಮ ಡಾಕ್ಟರನ್ನು ಕೇಳಿ. ಬ್ಯಾಕ್ಟೀರಿಯಾ ಹೋದರೆ ನ್ಯೂಟ್ರೋಫಿಲ್ ಬೇಗ ಖಾಲಿಯಾಗುತ್ತವೆ. ಲಿಂಫೋಸೈಟ್ ಮಾತ್ರ ವರ್ಷ ಕಳೆದರೂ ಉಳಿದಿರಬಹುದು. ಮುಂದಿನ ರಿಪೋರ್ಟಿನಲ್ಲಿ ಬರೀ ‘ಕ್ರಾನಿಕ್’ ಅಂತ ಇದ್ದರೆ ಗಾಬರಿಯಾಗಿ ನನಗೆ ಪತ್ರ ಬರೆಯಬೇಡಿ.