ಬಂಗಾರದ ಮೇಲಿನ ಅಣುಪದರಗಳಲ್ಲಿ ಕರೆಂಟ್ ಒಂದೇ ಥರ ಇರಲ್ಲ, ಯಾಕೆ?

ನೀವು ಕೇಳಿದ್ದು ಇದು: ಬಂಗಾರದ ಮೇಲೆ ಅಣುಗಳು ತಾವಾಗೇ ಸಾಲಾಗಿ ನಿಂತು ಒಂದೇ ಅಣುವಿನಷ್ಟು ದಪ್ಪದ ಪದರ ಆಗುತ್ತವೆ, ಎಲ್ಲ ಪದರಗಳೂ ಒಂದೆರಡು ನ್ಯಾನೊಮೀಟರ್ ದಪ್ಪವೇ, ಆದರೂ ಒಂದರಲ್ಲಿ ಕರೆಂಟ್ ಇನ್ನೊಂದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ, ಯಾಕೆ? ಧಾರವಾಡದಲ್ಲಿ ಎಂಎಸ್ಸಿ ಮಾಡುವಾಗ ಪ್ರಾಜೆಕ್ಟಿಗೆ ಅಂತ ಇದೇ ಪದರಗಳ ಬೆನ್ನು ಹತ್ತಿದ್ದೆ. ಈಗ ಗದಗಿನಲ್ಲಿ ಪಿಯು ಹುಡುಗರಿಗೆ ಕೆಮಿಸ್ಟ್ರಿ ಕಲಿಸುತ್ತೇನೆ. ಕೈ ಸುಟ್ಟುಕೊಂಡವನ ಉತ್ತರ ಅಂದುಕೊಂಡು ಓದಿ.

ಮೊದಲು 'ಹರಿಯುತ್ತೆ' ಅನ್ನೋ ಮಾತನ್ನು ಪಕ್ಕಕ್ಕಿಡಿ. ತಾಮ್ರದ ತಂತಿಯಲ್ಲಿ ಹರಿಯುತ್ತದೆ, ಸರಿ. ಇಲ್ಲಿ ಕೆಳಗೆ ಬಂಗಾರ, ಮೇಲೆ ಇನ್ನೊಂದು ಲೋಹ, ನಡುವೆ ಅಣು ಗೋಡೆ ಇದ್ದ ಹಾಗೆ. ಗೋಡೆ ಹತ್ತಿ ಇಳಿಯುವಷ್ಟು ಶಕ್ತಿ ಎಲೆಕ್ಟ್ರಾನಿಗೆ ಇಲ್ಲ. ಆದರೆ ಗೋಡೆ ತೆಳ್ಳಗಿದ್ದರೆ ಅದರೊಳಗಿಂದಲೇ ತೂರಿ ಆಚೆ ಬರುತ್ತದೆ. ಇದೇ ಟನಲಿಂಗ್. ಗೋಡೆ ಎಷ್ಟು ದಪ್ಪ, ಎಷ್ಟು ಎತ್ತರ ಅನ್ನುವುದೆಲ್ಲ ಅಣುವಿನ ರಚನೆಯ ಕೈಯಲ್ಲಿದೆ.

ಸಾದಾ ಆಲ್ಕೇನ್‌ಥಯೋಲ್ ತಗೊಳ್ಳಿ. ಒಂದು ತುದಿಗೆ ಗಂಧಕ, ಅದಕ್ಕೆ ಹತ್ತಿದ ಕಾರ್ಬನ್ ಸರಪಳಿ. ಗಂಧಕ ಬಂಗಾರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಸರಪಳಿಗಳು ಒಂದಕ್ಕೊಂದು ಒತ್ತಿಕೊಂಡು ಸುಮಾರು 30 ಡಿಗ್ರಿ ವಾಲಿ ನಿಲ್ಲುತ್ತವೆ, ನಮ್ಮ ಕಡೆ ಎರೆ ಹೊಲದಲ್ಲಿ ಗಾಳಿಗೆ ವಾಲಿದ ಹಿಂಗಾರಿ ಜೋಳದ ಹಾಗೆ. ಈ ಸರಪಳಿಗೆ ಒಂದು ಕಾರ್ಬನ್ ಸೇರಿಸಿದರೆ ಉದ್ದ ಹೆಚ್ಚುವುದು ಸುಮಾರು 1.25 ಆಂಗ್‌ಸ್ಟ್ರಾಮ್ (ನ್ಯಾನೊಮೀಟರಿನ ಹತ್ತನೇ ಒಂದು ಭಾಗಕ್ಕೆ ಆಂಗ್‌ಸ್ಟ್ರಾಮ್ ಅಂತಾರೆ) ಅಷ್ಟೇ. ಕರೆಂಟ್ ಮಾತ್ರ ಹೆಚ್ಚೂಕಡಿಮೆ 2.7ರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. 8 ಕಾರ್ಬನ್ನಿನಿಂದ 18ಕ್ಕೆ ಹೋದರೆ ಲೆಕ್ಕದ ಪ್ರಕಾರ 20 ಸಾವಿರ ಪಟ್ಟು ಕಡಿಮೆ! ತಂತಿಯಾಗಿದ್ದರೆ ಉದ್ದ ಎರಡು ಪಟ್ಟಾದಾಗ ಕರೆಂಟ್ ಅರ್ಧ ಆಗ್ತಿತ್ತು, ಅಲ್ವಾ?

ಇದು ದಪ್ಪದ ಮಾತಾಯಿತು. ಎತ್ತರದ ಮಾತಿಗೆ ಬಂದರೆ, ಆಲ್ಕೇನಿನಲ್ಲಿ ಎಲ್ಲ ಸಿಗ್ಮಾ ಬಂಧಗಳೇ, ಅಂದರೆ ಎರಡು ಪರಮಾಣುಗಳ ನಡುವೆಯೇ ಕಟ್ಟಿಹಾಕಿದ ಒಂಟಿ ಬಂಧಗಳು. ಎಲೆಕ್ಟ್ರಾನ್‌ಗಳು ತಮ್ಮ ತಮ್ಮ ಜಾಗ ಬಿಟ್ಟು ಕದಲುವುದಿಲ್ಲ, ಅಣುವಿನ ಶಕ್ತಿಮಟ್ಟಗಳು ಬಂಗಾರದ ಫರ್ಮಿ ಮಟ್ಟದಿಂದ, ಅಂದರೆ ಬಂಗಾರದಲ್ಲಿ ಎಲೆಕ್ಟ್ರಾನ್‌ಗಳು ತುಂಬಿರುವ ಮೇಲಿನ ಗೆರೆಯಿಂದ, ಬಹಳ ದೂರ. ಹಾಗಾಗಿ ಗೋಡೆ ಎತ್ತರ. ಬೆಂಜೀನ್ ಉಂಗುರಗಳ ಸಾಲು ಇಟ್ಟರೆ ಪೈ ಎಲೆಕ್ಟ್ರಾನ್‌ಗಳು (ಉಂಗುರದ ಮೇಲೆ ಕೆಳಗೆ ಮೋಡದ ಹಾಗೆ ಇರುವಂಥವು) ಇಡೀ ಅಣುವಿನ ತುಂಬ ಹರಡಿಕೊಳ್ಳುತ್ತವೆ, ಗೋಡೆ ತಗ್ಗುತ್ತದೆ. ಅಷ್ಟೇ ಉದ್ದ ಇದ್ದರೂ ಕರೆಂಟ್ ಎಷ್ಟೋ ಜಾಸ್ತಿ.

ಆದರೆ ಉಂಗುರ ಇದ್ದರೆ ಸಾಲದು, ಅವು ಹೇಗೆ ನಿಂತಿವೆ ಅನ್ನುವುದು ನನಗೆ ಇದರಲ್ಲೆಲ್ಲ ಬಹಳ ಹಿಡಿಸಿದ ಭಾಗ. ಎರಡು ಕಡಕ್ ರೊಟ್ಟಿ ತಗೊಂಡು, ಒಂದೊಂದೂ ಒಂದು ಉಂಗುರ ಅಂದುಕೊಂಡು, ಅಂಚಿಗೆ ಅಂಚು ತಾಗಿಸಿ ತಟ್ಟೆಯಲ್ಲಿ ಚಪ್ಪಟೆಯಾಗಿಡಿ. ಒಂದರ ಪೈ ಮೋಡ ಇನ್ನೊಂದರ ಮೋಡಕ್ಕೆ ಚೆನ್ನಾಗಿ ಸೇರುತ್ತದೆ. ಈಗ ತಾಗಿದ ಜಾಗ ಬಿಡದೆ, ಎರಡೂ ರೊಟ್ಟಿಗಳ ನಡುಮಧ್ಯ ಸೇರಿಸುವ ಗೆರೆಯ ಸುತ್ತ ಒಂದು ರೊಟ್ಟಿಯನ್ನು ನಿಧಾನ ತಿರುಚಿ ನೆಟ್ಟಗೆ ನಿಲ್ಲಿಸಿ. ಕೊಂಡಿ ಹಾಗೇ ಇದೆ, ಉದ್ದವೂ ಅಷ್ಟೇ, ಆದರೆ ಮೋಡಗಳು ಸೇರುವುದೇ ಇಲ್ಲ. 2006ರಲ್ಲಿ ಲತಾ ವೆಂಕಟರಾಮನ್ ಮತ್ತು ಜೊತೆಗಾರರು ಬೈಫಿನೈಲ್ ಜಾತಿಯ (ಎರಡು ಬೆಂಜೀನ್ ಉಂಗುರ ಕೂಡಿದ) ಒಂದೊಂದೇ ಅಣುವನ್ನು ಬಂಗಾರದ ಎರಡು ತುದಿಗಳ ನಡುವೆ ಹಿಡಿದು ಇದನ್ನು ಅಳೆದು ತೋರಿಸಿದರು: ವಾಹಕತೆ ತಿರುಚಿದ ಕೋನದ ಕೊಸೈನ್ ವರ್ಗಕ್ಕೆ ಹೊಂದಿಕೊಂಡು ಇಳಿಯುತ್ತದೆ. 60 ಡಿಗ್ರಿ ತಿರುಚಿದರೆ ಉಳಿಯುವುದು ಕಾಲು ಭಾಗ. ಹಾಗೇ ಉಂಗುರದ ಎದುರುಬದುರು ಜಾಗದಲ್ಲಿ, ಅಂದರೆ ಪಾರಾದಲ್ಲಿ, ಕೊಂಡಿ ಹಾಕಿದರೆ ಕರೆಂಟ್ ಚೆನ್ನಾಗಿರುತ್ತದೆ. ಮೆಟಾದಲ್ಲಿ, ಅಂದರೆ ನಡುವೆ ಒಂದೇ ಕಾರ್ಬನ್ ಬಿಟ್ಟು, ಹಾಕಿದರೆ ಉಂಗುರದ ಎರಡು ದಾರಿಗಳಿಂದ ಬರುವ ಎಲೆಕ್ಟ್ರಾನ್ ಅಲೆಗಳು ಒಂದನ್ನೊಂದು ಅಳಿಸಿಕೊಂಡು ಕರೆಂಟ್ ಬಿದ್ದುಹೋಗುತ್ತದೆ. ದೂರ ಕಡಿಮೆಯಾಗಿದ್ದರೂ ಹೀಗೆ!

ತುದಿಗಳನ್ನೂ ಮರೆಯಬೇಡಿ. ಎರಡೂ ಕಡೆ ಲೋಹಕ್ಕೆ ರಾಸಾಯನಿಕವಾಗಿ ಕಚ್ಚಿಕೊಂಡಿದ್ದರೆ ಕರೆಂಟ್ ಜಾಸ್ತಿ, ಒಂದು ಕಡೆ ಸುಮ್ನೆ ತಾಗಿದ್ದರೆ ಕಡಿಮೆ. ಇನ್ನು ಪೈ ಎಲೆಕ್ಟ್ರಾನ್ ಇರುವ ಅಣು 4 ನ್ಯಾನೊಮೀಟರ್ ಆಸುಪಾಸು ದಾಟಿದರೆ ಆಟವೇ ಬೇರೆ. ಎಲೆಕ್ಟ್ರಾನ್ ಒಂದೇ ಏಟಿಗೆ ತೂರುವ ಬದಲು ನಡುನಡುವೆ ನಿಂತು ಜಿಗಿಯುತ್ತದೆ, ಬಿಸಿ ಹೆಚ್ಚಿದರೆ ಕರೆಂಟೂ ಹೆಚ್ಚುತ್ತದೆ.

ಈಗ ನನ್ನ ಕಥೆ, ಯಾಕಂದ್ರೆ ನಿಮ್ಮ ಅಳತೆಯಲ್ಲೂ ಇದೇ ಆಗಿರಬಹುದು. ಬಂಗಾರ ಲೇಪಿಸಿದ ಗಾಜಿನ ಸ್ಲೈಡುಗಳನ್ನು ಥಯೋಲ್ ಬೆರೆಸಿದ ಎಥನಾಲಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟು, ಬೆಳಿಗ್ಗೆ ತೊಳೆದು ಒಣಗಿಸುತ್ತಿದ್ದೆ. ಮೇಲಿನ ತುದಿಗೆ ಗ್ಯಾಲಿಯಂ-ಇಂಡಿಯಂ ದ್ರವಲೋಹ. ಬಂಗಾರವನ್ನೇ ಆವಿ ಮಾಡಿ ಮೇಲೆ ಹಾಕಿದರೆ ಅದು ಪದರದ ಸಂದಿಯಲ್ಲಿ ಇಳಿದು ಶಾರ್ಟ್ ಆಗಿಬಿಡುತ್ತದಲ್ಲ, ಅದಕ್ಕೆ. ಸೂಜಿಯ ತುದಿಗೆ ತೂಗುವ ಈ ದ್ರವಲೋಹದ ಹನಿಯನ್ನು ಒಂದು ಲೋಹದ ಚೂರಿಗೆ ತಾಗಿಸಿ ಮೆಲ್ಲಗೆ ಮೇಲೆಳೆದರೆ ನಡುವೆ ಸೊಂಟದ ಹಾಗೆ ಸಣ್ಣಗಾಗಿ ಪಟ್ಟನೆ ತುಂಡಾಗುತ್ತದೆ, ಸೂಜಿಗೆ ಒಂದು ಚೂಪು ತುದಿ ಉಳಿಯುತ್ತದೆ. ಮೊದಮೊದಲು ಅದನ್ನು ನೋಡುವುದೇ ಮಜಾ ಅನ್ನಿಸ್ತಿತ್ತು.

ಮಜಾ ಬೇಗ ಮುಗಿಯಿತು. 12 ಕಾರ್ಬನ್ನಿಗೂ 16ಕ್ಕೂ ಒಂದೇ ಕರೆಂಟ್ ಬರ್ತಿತ್ತು! ಎರಡು ವಾರ ಥಿಯರಿ ಪುಸ್ತಕ ತಿರುವಿಹಾಕಿದೆ, ಏನೂ ಹೊಳೆಯಲಿಲ್ಲ. ಕೊನೆಗೆ ಸೀನಿಯರ್ ಒಬ್ಬರು ಬಂದು ಸ್ಲೈಡನ್ನು ಮೈಕ್ರೊಸ್ಕೋಪಿನಲ್ಲಿ ನೋಡಿ, 'ತಮ್ಮಾ, ಚಿಮಟಾ ಹಿಡಿದ ಗೆರೆ ಎಲ್ಲಾ ಕಡೆ ಐತಿ, ಮ್ಯಾಲೆ ಧೂಳು ಬ್ಯಾರೆ' ಅಂದರು. ಬೇಸಿಗೆ, ಕಿಟಕಿ ತೆರೆದಿತ್ತು, ಧಾರವಾಡದ ಕೆಮ್ಮಣ್ಣು ಕೇಳಬೇಕಾ. ಗೆರೆ, ಧೂಳು ಇದ್ದಲ್ಲೆಲ್ಲ ಪದರ ತೂತು, ನಾನು ಅಳೆದಿದ್ದು ಅಣುವನ್ನಲ್ಲ, ತೂತನ್ನು.

ಆ ಸ್ಲೈಡುಗಳನ್ನೆಲ್ಲ ಎಸೆದೆ. ಹೊಸದನ್ನು ಅಂಚಿನಲ್ಲಷ್ಟೇ ಹಿಡಿದು, ಮುಚ್ಚಳ ಹಾಕಿಟ್ಟು, ಒಂದೊಂದು ಅಣುವಿಗೂ ನೂರಕ್ಕೂ ಹೆಚ್ಚು ಜಾಗದಲ್ಲಿ ಅಳೆದೆ. ಒಂದೊಂದು ಜಾಗದ ಅಂಕಿ ಹತ್ತು ಪಟ್ಟು ಆಚೀಚೆ ಹೋಗ್ತಿತ್ತು, ಆದರೆ ಲಾಗ್ ಹಾಕಿ ನಡುವಿನ ಬೆಲೆ ತೆಗೆದು ಕಾರ್ಬನ್ ಎಣಿಕೆಯ ಎದುರು ಚುಕ್ಕಿ ಇಟ್ಟಾಗ, ಚುಕ್ಕಿಗಳು ಸ್ಕೇಲ್ ಇಟ್ಟು ಎಳೆಯುವಷ್ಟು ನೆಟ್ಟಗೆ ಇಳಿಯುತ್ತಾ ಹೋದವು.

ನೀವು ಎಷ್ಟು ಜಾಗದಲ್ಲಿ ಅಳೆದಿರಿ ಅಂತ ಬರೆಯಿರಿ, ಆಮೇಲೆ ನಿಮ್ಮ ಅಣುವಿನ ಬಗ್ಗೆ ಮಾತಾಡೋಣ.